ಗುರುವಿನ ಹೆಸರು, ಬಡವರ ಪಾಲು: ಮದರ್ ತೆರೇಸಾರನ್ನು ಕುರಿತ ಎರಡು ಕೃತಿಗಳನ್ನು ಪೌಲರ ಪತ್ರದೊಡನೆ ಓದುವಾಗ

ಮದರ್ ತೆರೇಸಾರನ್ನು ಕುರಿತು ಇಂಗ್ಲಿಷಿನಲ್ಲಿ ಬಂದಿರುವ ಗ್ರಂಥಗಳು ಅನೇಕ. ಅವುಗಳಲ್ಲಿ ಜನಾಭಿಪ್ರಾಯವನ್ನು ನಿಜವಾಗಿ ರೂಪಿಸಿದವು ಎರಡೇ ಎಂಬುದು ನಮ್ಮ ಎಣಿಕೆ. ಒಂದು, 1971ರಲ್ಲಿ ಪ್ರಕಟವಾದ ಮಾಲ್ಕಮ್ ಮಗ್ಗರಿಡ್ಜ್ ಅವರ ‘ಸಮ್‌ಥಿಂಗ್ ಬ್ಯೂಟಿಫುಲ್ ಫಾರ್ ಗಾಡ್’. ಇನ್ನೊಂದು, 1995ರಲ್ಲಿ ಪ್ರಕಟವಾದ ಕ್ರಿಸ್ಟೊಫರ್ ಹಿಚೆನ್ಸ್ ಅವರ ‘ದ ಮಿಷನರಿ ಪೊಸಿಷನ್’. ಮೊದಲನೆಯದು ಸ್ತುತಿ, ಎರಡನೆಯದು ದೋಷಾರೋಪಣೆ. ಮೊದಲನೆಯದನ್ನು ಓದಿ ಮೆಚ್ಚಿದವರು ಎರಡನೆಯದನ್ನು ಮುಟ್ಟುವುದಿಲ್ಲ. ಎರಡನೆಯದನ್ನು ಓದಿ ನಂಬಿದವರಿಗೆ ಮೊದಲನೆಯದು ಭಕ್ತಿಯ ಮಬ್ಬಿನಲ್ಲಿ ಬರೆದದ್ದೆಂದು ತೋರುತ್ತದೆ. ಆದರೆ ಎರಡನ್ನೂ ಒಂದರ ಬಳಿ ಒಂದಿಟ್ಟು ಓದಿದಾಗ ವಿಚಿತ್ರವಾದ ಒಂದು ಸಾಮ್ಯ ಕಣ್ಣಿಗೆ ಬೀಳುತ್ತದೆ. ಹಣದ ಪ್ರಸ್ತಾಪ ಬಂದಾಗ ಈ ಇಬ್ಬರು ಲೇಖಕರೂ ಒಂದೇ ಊಹೆಯ ಮೇಲೆ ನಿಂತಿದ್ದಾರೆ. ಗುರು ಪವಿತ್ರರಾದರೆ ಅವರ ಬಳಿಗೆ ಬಂದ ಹಣವನ್ನು ಪ್ರಶ್ನಿಸಬೇಕಾಗಿಲ್ಲ. ಹಣದಲ್ಲಿ ಕಳಂಕ ಕಂಡರೆ ಗುರುವಿನ ಪಾವಿತ್ರ್ಯವೇ ಸುಳ್ಳು. ಮಗ್ಗರಿಡ್ಜ್ ಈ ಊಹೆಯನ್ನು ಒಂದು ಕಡೆಯಿಂದ ಹಿಡಿಯುತ್ತಾರೆ, ಹಿಚೆನ್ಸ್ ಇನ್ನೊಂದು ಕಡೆಯಿಂದ.

ಆ ಕೃತಿಗಳ ಎಲ್ಲ ವಾದಗಳನ್ನೂ ಪರಿಶೀಲಿಸುವುದು ನಮ್ಮ ಉದ್ದೇಶವಲ್ಲ. ಅಧ್ಯಾತ್ಮದ ಗುರುವೆಂದು ಲೋಕವೇ ಒಪ್ಪಿಕೊಂಡ ವ್ಯಕ್ತಿಯ ಸೇವಾಕಾರ್ಯಗಳಿಗೆ ಹಣ ಕೂಡಿಬರುವ ಬಗೆ ಯಾವುದು, ಅದನ್ನು ದೈವಶಾಸ್ತ್ರ ಹೇಗೆ ನೋಡಬೇಕು ಎಂಬಷ್ಟಕ್ಕೆ ಮಾತ್ರ ನಮ್ಮನ್ನು ಸೀಮಿತಗೊಳಿಸಿಕೊಳ್ಳುತ್ತೇವೆ. ಈ ಪ್ರಶ್ನೆ ನಮಗೆ ದೂರದ್ದೇನಲ್ಲ. ಗುರುಮಠದಿಂದ ಗುರುದೀಕ್ಷೆ ಪಡೆದು ಹೋದವರಲ್ಲಿ ಹಲವರು ಇಂದಲ್ಲ ನಾಳೆ ಜರ್ಮನಿಯದೋ ಇಟಲಿಯದೋ ಅಮೆರಿಕದದೋ ಧರ್ಮಕೇಂದ್ರವೊಂದರ ಬಲಿಪೀಠದ ಮುಂದೆ ನಿಂತು, ತಮ್ಮ ಧರ್ಮಪ್ರಾಂತ್ಯದ ಶಾಲೆಗೋ ಅನಾಥಾಲಯಕ್ಕೋ ನೆರವು ಕೇಳಬೇಕಾಗುತ್ತದೆ. ಅಲ್ಲಿ ಏನನ್ನು ಹೇಳಬೇಕು, ಯಾರ ಹೆಸರಿನಲ್ಲಿ ಕೇಳಬೇಕು ಎಂಬುದನ್ನು ಗುರುಮಠದ ಪಠ್ಯಕ್ರಮ ಕಲಿಸುವುದಿಲ್ಲ.

ಮಗ್ಗರಿಡ್ಜ್ ಅವರಿಂದ ಆರಂಭಿಸೋಣ. 1968ರಲ್ಲಿ ಲಂಡನ್ನಿನಲ್ಲಿ ಅವರು ಬಿಬಿಸಿಗಾಗಿ ಮದರ್ ತೆರೇಸಾರನ್ನು ಸಂದರ್ಶಿಸಿದರು. ಆ ಸಂದರ್ಶನ ಕಸುಬಿನ ದೃಷ್ಟಿಯಿಂದ ಸಾಧಾರಣವಾಗಿತ್ತು. ಪ್ರಸಾರಕ್ಕೆ ಯೋಗ್ಯವೇ ಎಂದು ನಿರ್ಮಾಪಕರೇ ಅನುಮಾನಪಟ್ಟಿದ್ದರು. ಭಾನುವಾರ ರಾತ್ರಿ ಅದು ಪ್ರಸಾರವಾದದ್ದೇ ತಡ, ಪತ್ರಗಳು ಬಂದವು, ಪತ್ರಗಳೊಡನೆ ಹಣವೂ ಬಂತು. ಯಾರೂ ಕೇಳಿರಲಿಲ್ಲ. ಮರುವರ್ಷ ಅವರು ಕಲ್ಕತ್ತೆಗೆ ಹೋಗಿ ಚಿತ್ರವನ್ನು ತೆಗೆದರು. ಪುಸ್ತಕ ಆ ಚಿತ್ರದ ಹೆಸರನ್ನೇ ಹೊತ್ತು ಬಂತು. ಕಾಳಿಘಾಟಿನ ನಿರ್ಮಲ ಹೃದಯದೊಳಗಿನ ಮಬ್ಬು ಬೆಳಕಿನಲ್ಲಿ ತೆಗೆದ ದೃಶ್ಯಗಳು ಅನಿರೀಕ್ಷಿತವಾಗಿ ಸ್ಪಷ್ಟವಾಗಿ ಮೂಡಿದಾಗ ಮಗ್ಗರಿಡ್ಜ್ ಅದನ್ನು ದೈವೀ ಪ್ರಭೆಯೆಂದು ಕರೆದರು. ಅದು ಕೊಡಾಕ್ ಕಂಪನಿಯ ಹೊಸ ಫಿಲ್ಮಿನ ಗುಣವೆಂದು ಛಾಯಾಗ್ರಾಹಕ ಕೆನ್ ಮ್ಯಾಕ್‌ಮಿಲನ್ ನಂತರ ಹೇಳಿದರು. ಹಿಚೆನ್ಸ್ ಈ ಪ್ರಸಂಗವನ್ನು ಬಹಳ ಸಂತೋಷದಿಂದ ವಿವರಿಸುತ್ತಾರೆ. ನಮಗೆ ಫಿಲ್ಮಿನ ವಿಷಯ ಅಷ್ಟೇನೂ ಮುಖ್ಯವಲ್ಲ. ಮುಖ್ಯವಾದದ್ದು, ಆ ಪುಸ್ತಕದಲ್ಲಿ ಬೆಳಕೂ ಹಣವೂ ಒಂದೇ ಮೂಲದಿಂದ ಬರುತ್ತವೆ ಎಂಬುದು. ಆ ಮುಖದಲ್ಲಿ ಒಂದು ಪ್ರಭೆಯಿದೆ. ಅದನ್ನು ಕಂಡವರು ಕೊಡುತ್ತಾರೆ. ಕೊಟ್ಟದ್ದು ಎಲ್ಲಿಗೆ ಹೋಗುತ್ತದೆಂದು ಮಗ್ಗರಿಡ್ಜ್ ಹುಡುಕಿಕೊಂಡು ಹೋಗುವುದಿಲ್ಲ. ಹುಡುಕುವುದು ಅಲ್ಪಶ್ರದ್ಧೆಯ ಲಕ್ಷಣವೆಂಬ ಧ್ವನಿ ಅವರ ಗದ್ಯದ ಉದ್ದಕ್ಕೂ ಇದೆ.

ಹಿಚೆನ್ಸ್ ಹುಡುಕುತ್ತಾರೆ. ಅವರ ಪುಸ್ತಕ ಚಿಕ್ಕದು, ಭಾಷೆ ಚುರುಕು, ಶೀರ್ಷಿಕೆ ಅಸಭ್ಯ. ಎದುರಾಳಿಯ ಮಾತಿಗೆ ಇರಬಹುದಾದ ಉತ್ತಮ ಅರ್ಥವನ್ನು ಅವರು ಒಮ್ಮೆಯೂ ಪರಿಗಣಿಸುವುದಿಲ್ಲ. ಸಾಯುವವರ ಬಳಿ ಕುಳಿತಿರುವುದು ಆಸ್ಪತ್ರೆ ಕಟ್ಟುವುದಕ್ಕಿಂತ ಬೇರೆ ಬಗೆಯ ಕೆಲಸ ಎಂಬ ಸರಳ ಸಂಗತಿಯನ್ನೂ ಅವರು ಒಪ್ಪಲಾರರು. 1994ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ ಕಾಳಿಘಾಟಿಗೆ ಹೋಗಿ ಬರೆದ ಲೇಖನ, ಅಲ್ಲಿನ ಶುಚಿತ್ವವನ್ನೂ ಅಕ್ಕರೆಯನ್ನೂ ಮೆಚ್ಚಿ, ರೋಗನಿರ್ಣಯದ ಮತ್ತು ನೋವುಶಮನದ ಕೊರತೆಯನ್ನು ಎತ್ತಿ ತೋರಿಸಿತು. ಅದು ನ್ಯಾಯವಾದ ವಿಮರ್ಶೆಯ ಮಾದರಿ. ಹಿಚೆನ್ಸ್ ಕೊರತೆಯನ್ನು ಮಾತ್ರ ಉಳಿಸಿಕೊಂಡು ಅಕ್ಕರೆಯನ್ನು ಬದಿಗಿಡುತ್ತಾರೆ.

ಹೀಗಿದ್ದರೂ ಅವರ ಪುಸ್ತಕದಲ್ಲಿ ಯಾವ ಸಮರ್ಥಕನೂ ತಳ್ಳಿಹಾಕಲಾಗದ ಕೆಲವು ಪುಟಗಳಿವೆ. ಅವು ಚಾರ್ಲ್ಸ್ ಕೀಟಿಂಗ್ ಅವರನ್ನು ಕುರಿತವು. ಅಮೆರಿಕದ ಈ ಹಣಕಾಸು ಉದ್ಯಮಿ ಮದರ್ ತೆರೇಸಾರ ಸೇವಾಕಾರ್ಯಗಳಿಗೆ ಹನ್ನೆರಡೂವರೆ ಲಕ್ಷ ಡಾಲರು ಕೊಟ್ಟಿದ್ದರು. ತಮ್ಮ ಖಾಸಗಿ ವಿಮಾನವನ್ನೂ ಅವರ ಬಳಕೆಗೆ ಒದಗಿಸಿದ್ದರು. 1989ರಲ್ಲಿ ಅವರ ಹಿಡಿತದಲ್ಲಿದ್ದ ಲಿಂಕನ್ ಉಳಿತಾಯ ಸಂಸ್ಥೆ ಕುಸಿದುಬಿತ್ತು. ಅವರ ಕಂಪನಿಯ ಬಾಂಡುಗಳನ್ನು ನಂಬಿ ಕೊಂಡಿದ್ದ ಸಾವಿರಾರು ಜನ, ಅವರಲ್ಲಿ ಬಹಳ ಮಂದಿ ವೃದ್ಧರು, ಬಾಳಿನ ಉಳಿತಾಯವನ್ನು ಕಳೆದುಕೊಂಡರು. 1992ರಲ್ಲಿ ಶಿಕ್ಷೆಯ ಪ್ರಮಾಣ ಗೊತ್ತಾಗುವ ಮುನ್ನ ಮದರ್ ತೆರೇಸಾ ನ್ಯಾಯಾಧೀಶರಿಗೆ ಪತ್ರ ಬರೆದರು. ಕೀಟಿಂಗರ ವ್ಯವಹಾರ ತಮಗೆ ತಿಳಿಯದು, ಬಡವರಿಗೆ ಅವರು ಉದಾರಿಗಳಾಗಿದ್ದುದು ತಿಳಿದಿದೆ, ಪ್ರಾರ್ಥಿಸಿ ತೀರ್ಮಾನಿಸಿರಿ ಎಂಬುದು ಅದರ ಸಾರ. ಮೊಕದ್ದಮೆ ನಡೆಸಿದವರಲ್ಲಿ ಒಬ್ಬರಾದ ಪಾಲ್ ಟರ್ಲಿ ಇದಕ್ಕೆ ಸವಿವರವಾದ, ಗೌರವದ ಮಾತುಗಳಲ್ಲಿಯೇ ಉತ್ತರ ಬರೆದರು. ಆ ಹಣ ಯಾರ ದುಡಿಮೆಯದೆಂದು ವಿವರಿಸಿ, ಅದನ್ನು ನಿಜವಾದ ಒಡೆಯರಿಗೆ ಮರಳಿಸಬೇಕೆಂದು ಕೇಳಿಕೊಂಡರು. ಉತ್ತರ ಬರಲಿಲ್ಲವೆಂದು ಹಿಚೆನ್ಸ್ ಬರೆಯುತ್ತಾರೆ. ಕೀಟಿಂಗರ ಮೇಲಿನ ಆ ತೀರ್ಪುಗಳು ಮುಂದೆ ಮೇಲ್ಮನವಿಯಲ್ಲಿ ರದ್ದಾದವು, 1999ರಲ್ಲಿ ಅವರು ಕೆಲವು ವಂಚನೆಯ ಆರೋಪಗಳನ್ನು ತಾವಾಗಿ ಒಪ್ಪಿಕೊಂಡರು ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಅದರಿಂದ ಟರ್ಲಿಯವರ ಪ್ರಶ್ನೆ ಮಾಯವಾಗುವುದಿಲ್ಲ.

ಈ ಪುಟಗಳಿಗೆ ನಮ್ಮ ಕಡೆಯಿಂದ ಬಂದ ಉತ್ತರವೇನು? ಮದರ್ ಲೆಕ್ಕಿಗರಲ್ಲ, ಸಂತರು. ಕೊಟ್ಟವನ ಹೃದಯ ದೇವರಿಗೆ ಗೊತ್ತು. ಹಣವೆಲ್ಲ ಬಡವರಿಗೇ ಹೋಯಿತು. ಈ ಮೂರು ಮಾತುಗಳೂ ನಿಜವಿರಬಹುದು. ಆದರೆ ಮೂರೂ ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಟರ್ಲಿ ಮದರ್ ಅವರ ಪಾವಿತ್ರ್ಯವನ್ನು ಪ್ರಶ್ನಿಸಿರಲಿಲ್ಲ. ಅವರ ಪ್ರಶ್ನೆ ಹಣದ ಒಡೆತನದ್ದು. ಸಮರ್ಥಕರು ಆ ಪ್ರಶ್ನೆಯನ್ನು ಪಾವಿತ್ರ್ಯದ ಪ್ರಶ್ನೆಯಾಗಿ ಮಾರ್ಪಡಿಸಿಕೊಂಡು ಉತ್ತರಿಸಿದರು. ಹಿಚೆನ್ಸ್ ಕೂಡ ಮಾಡಿದ್ದು ಅದನ್ನೇ. ಪದವಿಯೇರಿಸುವ ವಿಚಾರಣೆಯ ಕಾಲದಲ್ಲಿ ಧರ್ಮಸಭೆಯೇ ಹಿಚೆನ್ಸ್ ಅವರನ್ನು ವಾಷಿಂಗ್ಟನ್ನಿನಲ್ಲಿ ಸಾಕ್ಷಿಯಾಗಿ ಕರೆದು ಕೇಳಿತು. ಟೀಕಾಕಾರನಿಗೆ ಕಿವಿಗೊಟ್ಟ ಆ ನಡೆ ಮೆಚ್ಚತಕ್ಕದ್ದು. ಆದರೆ ಆ ವಿಚಾರಣೆಯ ಉದ್ದೇಶವೇ ವ್ಯಕ್ತಿಯ ಸದ್ಗುಣಗಳ ತೀರ್ಮಾನ. 2003ರಲ್ಲಿ ಧನ್ಯರೆಂದೂ 2016ರಲ್ಲಿ ಸಂತರೆಂದೂ ಘೋಷಿಸಿದಾಗ ಧರ್ಮಸಭೆ ಹೇಳಿದ್ದು ಅವರ ಬಾಳಿನ ಬಗ್ಗೆ, ಅವರ ಸಂಸ್ಥೆಗೆ ಹಣ ಬಂದ ವಿಧಾನದ ಬಗ್ಗೆಯಲ್ಲ. ಈ ಎರಡನ್ನು ಬೇರ್ಪಡಿಸಿ ನೋಡಲು ನಮಗೆ ಒಂದು ಹಳೆಯ ಪಠ್ಯ ನೆರವಾಗುತ್ತದೆ.

ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲರು ಮಾಡಿದ ನಿಧಿಸಂಗ್ರಹ ಹೊಸ ಒಡಂಬಡಿಕೆಯಲ್ಲಿ ಹಲವು ಕಡೆ ಕಾಣಿಸಿಕೊಳ್ಳುತ್ತದೆ: ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ, ಕೊರಿಂಥಿಯರಿಗೆ ಬರೆದ ಮೊದಲ ಪತ್ರದ ಕೊನೆ, ಎರಡನೆಯ ಪತ್ರದ ಎಂಟು ಮತ್ತು ಒಂಬತ್ತನೆಯ ಅಧ್ಯಾಯಗಳು, ರೋಮನರಿಗೆ ಬರೆದ ಪತ್ರದ ಹದಿನೈದನೆಯ ಅಧ್ಯಾಯ. ಒಬ್ಬ ಅಧ್ಯಾತ್ಮ ಗುರು ಅನ್ಯರ ಹಸಿವಿಗಾಗಿ ಹಣ ಕೇಳಿದ ಇಷ್ಟು ಸವಿವರವಾದ ದಾಖಲೆ ಆ ಕಾಲದಿಂದ ಉಳಿದು ಬಂದಿರುವುದು ಅಪರೂಪ. ಆ ಎರಡು ಅಧ್ಯಾಯಗಳು ಮೂಲತಃ ಎರಡು ಪ್ರತ್ಯೇಕ ಆಡಳಿತ ಪತ್ರಗಳೆಂದು ಹಾನ್ಸ್ ಡೀಟರ್ ಬೆಟ್ಸ್ 1985ರ ತಮ್ಮ ವ್ಯಾಖ್ಯಾನದಲ್ಲಿ ವಾದಿಸಿದರು. ಆ ವಾದವನ್ನು ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಆದರೆ ‘ಆಡಳಿತ’ ಎಂಬ ಮಾತನ್ನು ಅವರು ಈ ಪಠ್ಯದ ಮೇಲೆ ತಂದದ್ದು ಉಪಕಾರವೇ ಆಯಿತು; ಏಕೆಂದರೆ ನಾವು ಈ ಅಧ್ಯಾಯಗಳನ್ನು ಪ್ರಬೋಧನೆಯಲ್ಲಿ ಬಳಸುವಾಗ ಹರ್ಷದಿಂದ ಕೊಡುವವನ ಕುರಿತ ವಾಕ್ಯವೊಂದನ್ನು ಎತ್ತಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತೇವೆ. ಉಳಿದದ್ದರಲ್ಲಿಯೇ ವಿಷಯವಿರುವುದು.

ಮೊದಲು ಪದಗಳನ್ನು ನೋಡೋಣ. ಈ ಎರಡು ಅಧ್ಯಾಯಗಳ ಉದ್ದಕ್ಕೂ ಪೌಲರು ಹಣ ಎಂಬ ಪದವನ್ನು ಒಮ್ಮೆಯೂ ಬಳಸುವುದಿಲ್ಲ. ಖಾರಿಸ್, ಅಂದರೆ ಕೃಪೆ. ದಿಯಾಕೊನಿಯಾ, ಅಂದರೆ ಸೇವೆ. ಕೊಯ್ನೊನಿಯಾ, ಅಂದರೆ ಸಹಭಾಗಿತ್ವ. ಯೂಲೊಗಿಯಾ, ಅಂದರೆ ಆಶೀರ್ವಾದ. ಲೇಯ್ತೂರ್ಗಿಯಾ, ಅಂದರೆ ಸಾರ್ವಜನಿಕ ಸೇವೆ ಅಥವಾ ಆರಾಧನೆ. ಇದು ನಾಚಿಕೆಯಿಂದ ಮಾಡಿದ ಮರೆಮಾಚುವಿಕೆಯೆಂದು ಹೇಳುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಏಕೆಂದರೆ ಅದೇ ಪೌಲರು ಹಿಂದಿನ ಪತ್ರದಲ್ಲಿ, ಸಂಗ್ರಹಕ್ಕೆ ಜನಬಳಕೆಯ ಲೊಗೇಯಾ ಎಂಬ ಒಣ ಪದವನ್ನೇ ಬಳಸಿ, ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಗಳಿಕೆಗೆ ತಕ್ಕಷ್ಟನ್ನು ಎತ್ತಿಡಬೇಕೆಂದು ನೇರವಾಗಿ ವಿಧಿಸಿದ್ದರು. ತಾವು ಬಂದ ಮೇಲೆ ವಸೂಲಿ ನಡೆಯಬಾರದೆಂದೂ ಅಲ್ಲಿ ಹೇಳಿದ್ದರು. ಈ ಕೊನೆಯ ಸೂಚನೆಯನ್ನು ವ್ಯಾಖ್ಯಾನಕಾರರು ಸಾಮಾನ್ಯವಾಗಿ ಅನುಕೂಲದ ಮಾತೆಂದು ದಾಟಿಹೋಗುತ್ತಾರೆ. ನಮಗೆ ಅದರಲ್ಲಿ ಹೆಚ್ಚಿನದು ಕಾಣುತ್ತದೆ. ಗುರು ಎದುರಿಗೆ ನಿಂತಾಗ ಕೊಡುವವನು ಗುರುವಿಗೆ ಕೊಡುತ್ತಾನೆ; ಗುರು ದೂರವಿದ್ದಾಗ, ಬಾರಿಬಾರಿಗೂ, ತನ್ನ ಮನೆಯಲ್ಲಿ ಕುಳಿತು ಎತ್ತಿಡುವವನು ಬಡವರಿಗಾಗಿ ಎತ್ತಿಡುತ್ತಾನೆ.

ಕನ್ನಡದ ಓದುಗರಿಗೆ ಈ ವ್ಯತ್ಯಾಸ ಒಂದು ಪದದ ಮೂಲಕ ಬೇಗ ಹೊಳೆಯುತ್ತದೆ. ಕಾಣಿಕೆ ಎಂಬ ನಮ್ಮ ಮಾತು ‘ಕಾಣು’ ಎಂಬ ಧಾತುವಿನಿಂದ ಬಂದದ್ದು. ದೊಡ್ಡವರನ್ನು ಕಾಣಲು ಬರಿಗೈಯಲ್ಲಿ ಹೋಗಬಾರದು. ಕಂಡಾಗ ಒಪ್ಪಿಸುವುದು ಕಾಣಿಕೆ. ಅದು ಕೊಡುವವನಿಂದ ಹೊರಟು ಕಂಡ ಮುಖದವರೆಗೆ ಹೋಗಿ ನಿಲ್ಲುತ್ತದೆ. ನಮ್ಮ ದೇವಾಲಯಗಳಲ್ಲಿ ಬಲಿಪೂಜೆಯ ವೇಳೆ ಎತ್ತುವ ಹಣಕ್ಕೂ ನಾವು ಇದೇ ಹೆಸರಿಟ್ಟಿದ್ದೇವೆ, ದೇವರ ಮುಖ ಕಾಣಲು ಬಂದವರು ಒಪ್ಪಿಸುವುದು ಎಂಬ ಅರ್ಥದಲ್ಲಿ ಅದು ಸರಿಯೇ. ಆದರೆ ಪೌಲರು ಕೇಳಿದ್ದು ಕಾಣಿಕೆಯಲ್ಲ. ಕೊರಿಂಥದವರು ಜೆರುಸಲೇಮಿನ ಬಡವರನ್ನು ಕಂಡಿರಲಿಲ್ಲ, ಕಾಣುವ ಸಂಭವವೂ ಇರಲಿಲ್ಲ. ಶರಣರ ದಾಸೋಹ ಎಂಬ ಪದ ಇದಕ್ಕೆ ಹೆಚ್ಚು ಸಮೀಪ. ಅಲ್ಲಿ ಕೊಡುವವನು ತಾನೇ ದಾಸನಾಗಿ ನಿಲ್ಲುತ್ತಾನೆ. ಮಗ್ಗರಿಡ್ಜ್ ಅವರ ಪುಸ್ತಕ, ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಾಣಿಕೆಯ ಪುಸ್ತಕ. ಕಂಡರು, ಕೊಟ್ಟರು.

ಇನ್ನು ಪೌಲರು ಮಾಡಿದ ಏರ್ಪಾಡು. ಕೊರಿಂಥದಲ್ಲಿದ್ದಾಗ ಅವರು ತಮ್ಮ ಜೀವನೋಪಾಯಕ್ಕೆ ಆ ಸಭೆಯಿಂದ ಏನನ್ನೂ ಸ್ವೀಕರಿಸಲಿಲ್ಲ. ಕೊರತೆಯನ್ನು ಮಕೆದೋನಿಯದಿಂದ ಬಂದವರು ತುಂಬಿದರು. ಅಂದರೆ ಯಾರ ಬಳಿ ಬಡವರಿಗಾಗಿ ಕೇಳುತ್ತಿದ್ದರೋ ಅವರ ಬಳಿ ತಮಗಾಗಿ ಕೇಳಲಿಲ್ಲ. ಆದರೂ ಅನುಮಾನ ತಪ್ಪಲಿಲ್ಲ. ತಾನು ತೆಗೆದುಕೊಳ್ಳದೆ ತಂತ್ರದಿಂದ ತನ್ನವರ ಮೂಲಕ ತೆಗೆದುಕೊಳ್ಳುತ್ತಾನೆಂಬ ಆಪಾದನೆ ಕೊರಿಂಥದಲ್ಲಿ ಹಬ್ಬಿತ್ತು. ಹನ್ನೆರಡನೆಯ ಅಧ್ಯಾಯದಲ್ಲಿ ಅವರು ಅದಕ್ಕೆ ಉತ್ತರ ಕೊಡುತ್ತಿದ್ದಾರೆ. ಆ ಉತ್ತರದ ಬಗೆಯನ್ನು ಗಮನಿಸಬೇಕು. ನಾನು ಪ್ರೇಷಿತ, ನನ್ನನ್ನು ಅನುಮಾನಿಸುವುದೇ ಪಾಪ ಎಂದು ಅವರು ಹೇಳಲಿಲ್ಲ. ತೀತನೂ ಜೊತೆಗೆ ಬಂದವನೂ ನಿಮ್ಮಿಂದ ಏನನ್ನಾದರೂ ಕಿತ್ತುಕೊಂಡರೇ ಎಂದು, ಪರಿಶೀಲಿಸಬಹುದಾದ ಸಂಗತಿಯನ್ನು ಮುಂದಿಟ್ಟರು.

ಆ ಕಾಲದಲ್ಲಿ ಅನುಮಾನಕ್ಕೆ ಕಾರಣವೂ ಇತ್ತು. ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ, ಮೋಶೆಯ ಧರ್ಮಶಾಸ್ತ್ರದ ಜ್ಞಾನವನ್ನು ಬೋಧಿಸುವೆನೆಂದು ರೋಮಿನಲ್ಲಿ ನೆಲಸಿದ್ದ ಒಬ್ಬನು ಇನ್ನು ಮೂವರನ್ನು ಕೂಡಿಕೊಂಡು, ಯೆಹೂದ್ಯ ಧರ್ಮಕ್ಕೆ ಒಲಿದಿದ್ದ ಫುಲ್ವಿಯಾ ಎಂಬ ಕುಲೀನ ಮಹಿಳೆಯಿಂದ ಜೆರುಸಲೇಮಿನ ಮಹಾದೇವಾಲಯಕ್ಕೆಂದು ಚಿನ್ನವನ್ನೂ ನೇರಳೆ ವಸ್ತ್ರವನ್ನೂ ಪಡೆದು ತಾವೇ ನುಂಗಿದರು. ವಿಷಯ ಚಕ್ರವರ್ತಿಯ ಕಿವಿಗೆ ಬಿತ್ತು, ಕ್ರಿ.ಶ. 19ರಲ್ಲಿ ರೋಮಿನ ಯೆಹೂದ್ಯರನ್ನೆಲ್ಲ ಹೊರಹಾಕಲಾಯಿತು, ನಾಲ್ಕು ಸಾವಿರ ಮಂದಿಯನ್ನು ಸಾರ್ಡಿನಿಯಾಕ್ಕೆ ಸಾಗಿಸಲಾಯಿತು. ನಾಲ್ವರ ವಂಚನೆಗೆ ಒಂದು ಸಮುದಾಯ ಬೆಲೆ ತೆತ್ತಿತು. ಜೆರುಸಲೇಮಿಗೆಂದು ಹಣ ಕೂಡಿಸುವ ಬೋಧಕ ಎಂದರೆ ರೋಮನ್ ಜಗತ್ತಿನಲ್ಲಿ ಏನು ನೆನಪಾಗುತ್ತಿತ್ತೆಂಬುದನ್ನು ಇದರಿಂದ ಊಹಿಸಬಹುದು.

ಆದ್ದರಿಂದಲೇ ಎಂಟನೆಯ ಅಧ್ಯಾಯದ ಕೊನೆಯ ಭಾಗ. ತೀತನ ಜೊತೆಗೆ ಇಬ್ಬರು ಸಹೋದರರನ್ನು ಪೌಲರು ಕಳುಹಿಸುತ್ತಾರೆ. ಮೊದಲನೆಯವನನ್ನು ಪೌಲರು ಆರಿಸಿದ್ದಲ್ಲ, ಸಭೆಗಳು ಆರಿಸಿದ್ದವು. ಅಲ್ಲಿ ಬಳಸಿದ ಕ್ರಿಯಾಪದದ ಮೂಲಾರ್ಥ ಕೈಯೆತ್ತಿ ಆರಿಸುವುದು. ದೊಡ್ಡ ಮೊತ್ತದ ಈ ನಿಧಿಯ ವಿಷಯದಲ್ಲಿ ಯಾರೂ ತಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ನಡತೆ ನೆಟ್ಟಗಿರಬೇಕು ಎಂದು ಪೌಲರು ಕಾರಣ ಕೊಡುತ್ತಾರೆ. ದೇವರಿಗೆ ಗೊತ್ತು ಎಂಬ ಮಾತು ಇಲ್ಲಿ ಸಾಲದು ಎಂದು ಪ್ರೇಷಿತರೇ ಹೇಳಿದಂತಾಯಿತು. ಮತ್ತೂ ಒಂದು ಸಂಗತಿ: ಆ ಇಬ್ಬರು ಸಹೋದರರ ಹೆಸರು ಪತ್ರದಲ್ಲಿಲ್ಲ. ಮೊದಲನೆಯವನು ಲೂಕನೆಂದು ಪರಂಪರೆ ಊಹಿಸಿತು. ಊಹೆಗೆ ಆಧಾರ ದುರ್ಬಲ. ಹಣ ಹೊತ್ತವರು ಪ್ರಸಿದ್ಧರಲ್ಲದೆ ನಮ್ಮ ಕಾಲದವರೆಗೆ ಬಂದಿದ್ದಾರೆ.

ಪೌಲರ ಪಠ್ಯವನ್ನು ನಾವು ನಿಷ್ಕಳಂಕವೆಂದು ಮುಂದಿಡುತ್ತಿಲ್ಲ. ಮಕೆದೋನಿಯದ ಬಡವರ ಔದಾರ್ಯವನ್ನು ಹೇಳಿ ಕೊರಿಂಥದವರನ್ನು ಕೆಣಕುತ್ತಾರೆ. ಕೊರಿಂಥದವರು ಕಳೆದ ವರ್ಷದಿಂದಲೇ ಸಿದ್ಧರಿದ್ದಾರೆಂದು ಮಕೆದೋನಿಯದಲ್ಲಿ ಹೇಳಿ ಅವರನ್ನು ಹುರಿದುಂಬಿಸಿರುತ್ತಾರೆ. ಈಗ ಮಕೆದೋನಿಯದವರು ಬಂದು ನೋಡಿದಾಗ ಇಲ್ಲಿ ಏನೂ ಸಿದ್ಧವಿಲ್ಲದಿದ್ದರೆ ನಾಚಿಕೆಗೇಡು ಎಂದು ಎಚ್ಚರಿಸುತ್ತಾರೆ. ಇದು ಆಜ್ಞೆಯಲ್ಲ ಎಂದು ಅವರು ಹೇಳುವುದು ನಿಜ, ಒತ್ತಾಯವೂ ನಿಜ. ಇಂದು ಯಾವುದಾದರೂ ಧರ್ಮಪ್ರಾಂತ್ಯದ ನಿಧಿಸಮಿತಿ ಎರಡು ಧರ್ಮಕೇಂದ್ರಗಳನ್ನು ಹೀಗೆ ಒಂದರ ವಿರುದ್ಧ ಒಂದನ್ನು ನಿಲ್ಲಿಸಿದರೆ ನಾವು ಮೆಚ್ಚಲಾರೆವು. ಆದರೆ ಈ ಒತ್ತಾಯದಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿದೆ. ಕೇಳುತ್ತಿರುವವನು ಕೇಳುತ್ತಿದ್ದೇನೆಂದು ಒಪ್ಪಿಕೊಂಡಿದ್ದಾನೆ. ಏತಕ್ಕೆ, ಯಾರಿಗೆ, ಎಷ್ಟರಮಟ್ಟಿಗೆ ಎಂದು ಹೇಳಿದ್ದಾನೆ. ನಿಮ್ಮನ್ನು ಕಷ್ಟಕ್ಕೆ ದೂಡಿ ಅವರನ್ನು ಸುಖದಲ್ಲಿಡುವ ಉದ್ದೇಶವಲ್ಲ, ಸಮಾನತೆ ಇರಲೆಂಬುದು ಎಂದು, ಮನ್ನದ ಕಥೆಯನ್ನು ನೆನೆಸಿ, ಅಳತೆಯನ್ನೂ ಕೊಟ್ಟಿದ್ದಾನೆ. ಇಷ್ಟೆಲ್ಲ ಹೇಳಿದವನನ್ನು ಮುಂದೆ ಪ್ರಶ್ನಿಸಬಹುದು.

ಈಗ ಮದರ್ ತೆರೇಸಾರ ಕಡೆಗೆ ಹಿಂದಿರುಗಿದರೆ, ಹಿಚೆನ್ಸ್ ಅವರಿಗೂ ಮಗ್ಗರಿಡ್ಜ್ ಅವರಿಗೂ ಕಾಣದ ಒಂದು ತೊಡಕು ಕಾಣುತ್ತದೆ. ತಮ್ಮ ಹೆಸರಿನಲ್ಲಿ ಹಣ ಸಂಗ್ರಹಿಸಬಾರದೆಂದು ಅವರು ಸಹಕಾರ್ಯಕರ್ತರನ್ನು ಕಟ್ಟುನಿಟ್ಟಾಗಿ ತಡೆದಿದ್ದರು. ದೇವರ ಪರಿಪಾಲನೆಯೇ ಸಾಕೆಂಬುದು ಅವರ ನಿಲುವು. 1950ರಲ್ಲಿ ಸಂಸ್ಥೆ ಆರಂಭವಾದಂದಿನಿಂದ ಬಡತನದ ವ್ರತದೊಡನೆ, ಬಡವರಲ್ಲಿ ಕಡುಬಡವರಿಗೆ ಉಚಿತ ಸೇವೆಯೆಂಬ ನಾಲ್ಕನೆಯ ವ್ರತವೂ ಅಲ್ಲಿ ಇದೆ. ಈ ನಿಲುವಿಗೆ ನಾವು ತಲೆಬಾಗುತ್ತೇವೆ. ಆದರೆ ಅದರ ಪರಿಣಾಮವನ್ನು ನೋಡಬೇಕು. ಕೇಳದೆ ಬಂದ ಹಣಕ್ಕೆ ಉದ್ದೇಶವನ್ನು ಯಾರೂ ಹೇಳಿರುವುದಿಲ್ಲ. ಲಂಡನ್ನಿನಲ್ಲಿ ದೂರದರ್ಶನ ನೋಡಿ ಹಣ ಕಳುಹಿಸಿದವರು ಆಸ್ಪತ್ರೆಗೆಂದು ಕೊಟ್ಟರೋ, ಮಠಗಳಿಗೆಂದು ಕೊಟ್ಟರೋ, ಅಕ್ಕಿಗೆಂದು ಕೊಟ್ಟರೋ? ಅವರು ಕೊಟ್ಟದ್ದು ಆ ಮುಖಕ್ಕೆ. ಆದ್ದರಿಂದ ಮುಂದೆ, ಹಣ ಬ್ಯಾಂಕಿನಲ್ಲಿ ಉಳಿದಿದೆ, ನೋವುಶಮನಕ್ಕೆ ಬಳಕೆಯಾಗಲಿಲ್ಲ ಎಂಬ ಟೀಕೆ ಬಂದಾಗ, ಕೊಟ್ಟವರ ಉದ್ದೇಶ ಇದಾಗಿತ್ತು, ಆ ಪ್ರಕಾರ ನಡೆಯಿತು ಎಂದು ತೋರಿಸಲು ಪಠ್ಯವೇ ಇರಲಿಲ್ಲ. ಪೌಲರಿಗೆ ಆ ಪಠ್ಯವಿತ್ತು, ಏಕೆಂದರೆ ಅವರು ಕೇಳಿದ್ದರು. ಕೇಳುವುದು ಅಪನಂಬಿಕೆಯ ಗುರುತು, ಕೇಳದಿರುವುದು ವಿಶ್ವಾಸದ ಗುರುತು ಎಂದು ನಮ್ಮ ಆಧ್ಯಾತ್ಮಿಕ ಸಾಹಿತ್ಯ ಬಹಳ ಕಾಲದಿಂದ ಹೇಳುತ್ತ ಬಂದಿದೆ. ಪೌಲರ ಎರಡು ಅಧ್ಯಾಯಗಳು ಆ ಮಾತನ್ನು ಸಮರ್ಥಿಸುವುದಿಲ್ಲ.

ಮದರ್ ಅವರ ನಡೆಗಳಲ್ಲಿ ಪೌಲರ ರೀತಿಗೆ ಹತ್ತಿರವಾದವು ಇಲ್ಲದಿಲ್ಲ. 1964ರಲ್ಲಿ ಮುಂಬಯಿಯ ಪರಮಪ್ರಸಾದ ಮಹಾಸಮ್ಮೇಳನಕ್ಕೆ ಬಂದಿದ್ದ ಪೋಪ್ ಆರನೆಯ ಪೌಲರು ತಾವು ಬಳಸಿದ ಲಿಂಕನ್ ಕಾರನ್ನು ಅವರಿಗೆ ಕೊಟ್ಟುಹೋದಾಗ, ಅದನ್ನು ಲಾಟರಿಗಿಟ್ಟು ಬಂದ ಹಣವನ್ನು ಕುಷ್ಠರೋಗಿಗಳ ಶಾಂತಿನಗರಕ್ಕೆ ಬಳಸಿದರು. 1979ರಲ್ಲಿ ನೊಬೆಲ್ ಶಾಂತಿ ಪುರಸ್ಕಾರದ ಔತಣವನ್ನು ಬೇಡವೆಂದು, ಅದರ ವೆಚ್ಚವನ್ನು ಬಡವರಿಗೆ ಕೊಡಿಸಿದರು. ಎರಡೂ ಕಡೆ, ತಮ್ಮ ಮುಖಕ್ಕೆ ಬಂದ ಗೌರವ ಬೇರೆಯವರ ಊಟವಾಗಿಯೋ ಸೂರಾಗಿಯೋ ಎಲ್ಲರೂ ನೋಡುವಂತೆ ಮಾರ್ಪಟ್ಟಿತು. ಹಿಚೆನ್ಸ್ ಇವುಗಳ ತೂಕವನ್ನು ಸರಿಯಾಗಿ ಅಳೆಯಲಿಲ್ಲ ಎಂಬುದು ಅವರ ಪುಸ್ತಕದ ದೊಡ್ಡ ದೋಷ.

ಕೀಟಿಂಗರ ಹಣದ ಮಾತು ಬೇರೆ. ಅಲ್ಲಿ ನಮ್ಮ ಪರಂಪರೆಗೇ ಸ್ಪಷ್ಟವಾದ ದಾರಿಯಿತ್ತು. ಎರಡನೆಯ ಶತಮಾನದಲ್ಲಿ ಮಾರ್ಸಿಯೋನನು ರೋಮಿನ ಧರ್ಮಸಭೆಗೆ ಎರಡು ಲಕ್ಷ ಸೆಸ್ಟರ್ಸ್ ಕೊಟ್ಟಿದ್ದ. ಸುಮಾರು 144ರಲ್ಲಿ ಅವನನ್ನು ಹೊರಹಾಕಿದಾಗ ಧರ್ಮಸಭೆ ಆ ಹಣವನ್ನೂ ಹಿಂದಿರುಗಿಸಿತೆಂದು ತೆರ್ತುಲಿಯನ್ ತಿಳಿಸುತ್ತಾರೆ. ಕಾರಣ ಬೇರೆ, ಆದರೆ ಬಡವರಿಗೆಂದು ಸೇರಿದ ಹಣವನ್ನು ಮರಳಿಸಲಾಗದು ಎಂಬ ವಾದ ಅಂದು ಯಾರಿಗೂ ಹೊಳೆದಂತಿಲ್ಲ. ಮೂರನೆಯ ಶತಮಾನದ ಸಿರಿಯಾದಲ್ಲಿ ರೂಪುಗೊಂಡ ದಿದಸ್ಕಾಲಿಯಾ ಗ್ರಂಥ ಇನ್ನೂ ಕಠಿಣ. ದಬ್ಬಾಳಿಕೆಯಿಂದಲೂ ವಂಚನೆಯಿಂದಲೂ ಗಳಿಸಿದವರ ದಾನದಿಂದ ವಿಧವೆಯರನ್ನು ಪೋಷಿಸಬಾರದೆಂದು ಧರ್ಮಾಧ್ಯಕ್ಷರಿಗೆ ಅದು ವಿಧಿಸುತ್ತದೆ. ಅಂಥವರಿಂದ ತೆಗೆದುಕೊಳ್ಳುವುದಕ್ಕಿಂತ ಹಸಿವಿನಿಂದ ಸಾಯುವುದೇ ಮೇಲೆಂಬವರೆಗೂ ಹೋಗುತ್ತದೆ. ಇಷ್ಟೇಕೆ, ಜೂದಾಸನು ಎಸೆದ ಬೆಳ್ಳಿ ನಾಣ್ಯಗಳನ್ನು ಭಂಡಾರಕ್ಕೆ ಸೇರಿಸಬಾರದೆಂಬಷ್ಟು ವಿವೇಕ ಅಂದಿನ ಮುಖ್ಯ ಯಾಜಕರಿಗೂ ಇತ್ತು! ಕ್ಷಮೆ ಕೋರಿ ಪತ್ರ ಬರೆಯುವುದು ಕರುಣೆಯ ಕೆಲಸ, ಅದರಲ್ಲಿ ತಪ್ಪಿಲ್ಲ. ಟರ್ಲಿಯವರ ಪತ್ರಕ್ಕೆ ಉತ್ತರ ಕೊಡಬೇಕಾಗಿದ್ದದ್ದು ನ್ಯಾಯದ ಕೆಲಸ. ಸಂತರೊಬ್ಬರಿಂದ ಅದು ಆಗದಿದ್ದಾಗ ಅವರ ಸುತ್ತಲಿದ್ದ ಸಂಸ್ಥೆಯಿಂದ ಆಗಬೇಕಿತ್ತು. ಪೌಲರು ತಮ್ಮ ಜೊತೆ ಕೈಯೆತ್ತಿ ಆರಿಸಿದ ಸಹೋದರನನ್ನು ಇಟ್ಟುಕೊಂಡದ್ದು ಇದಕ್ಕಾಗಿಯೇ.

1983ರ ಧರ್ಮಸಭಾ ಕಾನೂನುಸಂಹಿತೆ ಈ ದಾರಿಯನ್ನೇ ಹಿಡಿದಿದೆ. ಸಂಬಂಧಪಟ್ಟ ಧರ್ಮಾಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಖಾಸಗಿಯಾಗಿ ನಿಧಿ ಸಂಗ್ರಹಿಸಬಾರದೆಂದು 1265ನೆಯ ಕಾನೂನು. ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದನ್ನು ಆ ಉದ್ದೇಶಕ್ಕೇ ಬಳಸಬೇಕೆಂದು 1267ನೆಯದು. ವಿಶ್ವಾಸಿಗಳು ಅರ್ಪಿಸಿದ ಸ್ವತ್ತಿನ ಲೆಕ್ಕವನ್ನು ವಿಶ್ವಾಸಿಗಳಿಗೇ ಒಪ್ಪಿಸಬೇಕೆಂದು 1287ನೆಯದು. ಸರ್ಕಾರಕ್ಕೆ ಲೆಕ್ಕ ಒಪ್ಪಿಸುವುದನ್ನು ನಾವು ಕಲಿತಿದ್ದೇವೆ, ಕಲಿಯದೆ ಗತಿಯಿಲ್ಲ. 2021ರ ಕ್ರಿಸ್ಮಸ್ ದಿನ ಮಿಷನರೀಸ್ ಆಫ್ ಚಾರಿಟಿಯ ವಿದೇಶಿ ದೇಣಿಗೆಯ ನೋಂದಣಿಯ ನವೀಕರಣವನ್ನು ಕೇಂದ್ರ ಗೃಹ ಸಚಿವಾಲಯ ನಿರಾಕರಿಸಿದ್ದೂ, ಜನವರಿಯಲ್ಲಿ ಮತ್ತೆ ಕೊಟ್ಟದ್ದೂ ಎಲ್ಲರಿಗೂ ನೆನಪಿದೆ. ಆಗ ನಮ್ಮಲ್ಲಿ ಎದ್ದ ಮಾತು ಬಹುಮಟ್ಟಿಗೆ ಸಂತರ ಸಂಸ್ಥೆಗೆ ಹೀಗೆ ಮಾಡಬಹುದೇ ಎಂಬುದಾಗಿತ್ತು. ಆ ಕ್ರಮದ ಹಿಂದಿನ ರಾಜಕೀಯವನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಆದರೆ ಹಾಗೆ ಪ್ರಶ್ನಿಸುವಾಗಲೂ ನಾವು ಮಗ್ಗರಿಡ್ಜ್ ಅವರ ಪುಸ್ತಕದ ಭಾಷೆಯಲ್ಲಿ ಮಾತಾಡಿದೆವೇ ಹೊರತು ಪತ್ರದ ಭಾಷೆಯಲ್ಲಲ್ಲ. ಸರ್ಕಾರಕ್ಕೆ ಸಲ್ಲಿಸುವ ನಮೂನೆ ಧರ್ಮಕೇಂದ್ರದ ಸೂಚನಾ ಫಲಕದ ಮೇಲೆ ಬರುವುದಿ‌ಲ್ಲವೆಂಬುದನ್ನು ಗಮನಿಸಿದರೆ 1287ನೆಯ ಕಾನೂನು ನಮ್ಮಲ್ಲಿ ಎಲ್ಲಿ ನಿಂತಿದೆಯೆಂದು ತಿಳಿಯುತ್ತದೆ.

ಜರ್ಮನಿಯ ಬಲಿಪೀಠದ ಮುಂದೆ ನಿಲ್ಲಲಿರುವ ಯುವ ಗುರುವಿಗೆ ಈ ಓದಿನಿಂದ ಏನು ದೊರೆಯುತ್ತದೆ? ಸಂತರ ಹೆಸರನ್ನೂ ತನ್ನ ಬಡತನದ ಕಥೆಯನ್ನೂ ಹೇಳಿ ಜನರ ಕಣ್ಣಲ್ಲಿ ನೀರು ತರಿಸುವುದು ಸುಲಭ. ಅಲ್ಲಿ ಬಂದ ಹಣ ಅವನ ಮುಖಕ್ಕೆ ಬಂದದ್ದಾಗಿರುತ್ತದೆ. ಎಷ್ಟು ಕೋಣೆಗಳ ಶಾಲೆ, ಎಷ್ಟು ಮಕ್ಕಳು, ಊರಿನವರ ಪಾಲು ಎಷ್ಟು, ಹಣವನ್ನು ಹೊರುವವರು ಯಾರು, ಅವರನ್ನು ಆರಿಸಿದವರು ಯಾರು ಎಂದು ಹೇಳುವುದು ಕಷ್ಟ, ಕೇಳುವವರಿಗೆ ಬೇಸರವೂ ಆಗಬಹುದು. ಪೌಲರು ಆ ಬೇಸರದ ವಿವರಗಳನ್ನು ಖಾರಿಸ್ ಎಂಬ ಪದದೊಂದಿಗೆ ಒಂದೇ ಪುಟದಲ್ಲಿ ಬರೆದರು.

ಕೊನೆಗೆ ಆ ನಿಧಿ ಏನಾಯಿತು? ಹೊರಡುವ ಮುನ್ನ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ, ಜೆರುಸಲೇಮಿನ ಪವಿತ್ರಜನರು ತಮ್ಮ ಸೇವೆಯನ್ನು ಸ್ವೀಕರಿಸುವಂತೆ ಪ್ರಾರ್ಥಿಸಬೇಕೆಂದು ಬೇಡಿಕೊಳ್ಳುತ್ತಾರೆ. ಬಡವರು ಬೇಡವೆನ್ನಬಹುದು ಎಂಬ ಭಯ ಆ ಮಾತಿನಲ್ಲಿದೆ. ಪಡೆಯುವವನಿಗೆ ನಿರಾಕರಿಸುವ ಹಕ್ಕಿದೆಯೆಂದು ಒಪ್ಪಿಕೊಂಡ ನಿಧಿಸಂಗ್ರಾಹಕರು ವಿರಳ. ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತನೆಯ ಅಧ್ಯಾಯ ಜೊತೆಗಾರರ ಹೆಸರುಗಳನ್ನು ಕೊಡುತ್ತದೆ: ಬೆರೋಯದ ಸೋಪತ್ರ, ಥೆಸಲೋನಿಕದ ಅರಿಸ್ತಾರ್ಕ ಮತ್ತು ಸೆಕುಂದ, ದೆರ್ಬೆಯ ಗಾಯ, ತಿಮೊಥೇಯ, ಏಷ್ಯಾದ ತುಖಿಕ ಮತ್ತು ತ್ರೊಫಿಮ. ಇವರೇ ಹಣ ಹೊತ್ತ ಪ್ರತಿನಿಧಿಗಳೆಂದು ಬಹುಪಾಲು ವಿದ್ವಾಂಸರ ಮತ; ಕೊರಿಂಥದವರೊಬ್ಬರೂ ಆ ಪಟ್ಟಿಯಲ್ಲಿಲ್ಲ. ಜೆರುಸಲೇಮಿನಲ್ಲಿ ಯಕೋಬನೂ ಹಿರಿಯರೂ ಅವರನ್ನು ಬರಮಾಡಿಕೊಂಡರು. ವ್ರತ ತೊಟ್ಟಿದ್ದ ನಾಲ್ವರ ವೆಚ್ಚವನ್ನು ಭರಿಸಬೇಕೆಂದು ಪೌಲರಿಗೆ ಸೂಚಿಸಿದರು. ಮುಂದೆ ಫೆಲಿಕ್ಸನ ಮುಂದೆ ಪೌಲರು ತಮ್ಮ ಜನಾಂಗಕ್ಕೆ ದಾನ ತಂದೆನೆಂದು ಒಂದೇ ಮಾತು ಹೇಳುತ್ತಾರೆ. ಆ ಮಾತನ್ನು ಕೇಳಿದ ಫೆಲಿಕ್ಸನಿಗೆ ಲಂಚದ ಆಸೆ ಹುಟ್ಟಿತು. ಹಣವನ್ನು ಸ್ವೀಕರಿಸಿದರೋ ಇಲ್ಲವೋ ಎಂಬುದನ್ನು ಲೂಕರು ಬರೆಯುವುದಿಲ್ಲ.